ಹೊಗೆ ತಿಂದ ಬಾರ್ಲಿ, ಶೆರಿ ಕುಡಿದ ಪೀಪಾಯಿ

ಕಾಫಿಯ ರುಚಿ ನೋಡುವುದು ನನ್ನ ಹೊಟ್ಟೆಪಾಡು. ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೇಜಿನ ಮೇಲೆ ಸಾಲಾಗಿ ಬಟ್ಟಲಿಟ್ಟು, ಚಮಚದಲ್ಲಿ ಸೊರ್ರೆಂದು ಹೀರಿ, ಬಾಯಲ್ಲಿ ಒಂದು ಸುತ್ತು ಆಡಿಸಿ, ಪಕ್ಕದ ಡಬ್ಬಿಗೆ ಉಗಿದು, ಅಂಕ ಬರೆಯುವ ಕೆಲಸ. ಯಾವುದಾದರೂ ಬಟ್ಟಲಲ್ಲಿ ಹೊಗೆ ವಾಸನೆ ಸಿಕ್ಕಿದರೆ ಆ ಲಾಟಿನ ಕಥೆ ಮುಗಿಯಿತು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು, ಕಣದಲ್ಲಿ ಒಣಗದ ಕಾಫಿಯನ್ನು ಸೌದೆ ಉರಿಯ ಹತ್ತಿರ ಹರಡಿದ್ದರೆ ಬೀಜ ಹೊಗೆ ಹೀರಿಕೊಂಡಿರುತ್ತದೆ. ಆಮೇಲೆ ಎಷ್ಟು ಹದವಾಗಿ ಹುರಿದರೂ ಅದು ಹೋಗುವುದಿಲ್ಲ. ಇನ್ನೊಂದಿದೆ, ಆಸ್ಪತ್ರೆ ವಾಸನೆ: ಟಿಂಚರ್ ಅಯೋಡಿನ್ ಜಾತಿಯದು. ನಮ್ಮ ಕಸುಬಿನಲ್ಲಿ ಅದನ್ನು 'ರಿಯೋ' ಅನ್ನುತ್ತೇವೆ. ರಿಯೋ ಎಂದು ಬರೆದ ಚೀಟಿ ಕೈಗೆ ಬಂದ ಬೆಳೆಗಾರ ಆ ದಿನ ನನ್ನ ಮುಖ ನೋಡುವುದಿಲ್ಲ.

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಐಲಾ ಎಂಬ ದ್ವೀಪವಿದೆ. ಅಲ್ಲಿಯ ಜನ ಈ ಎರಡೂ ದೋಷಗಳನ್ನು ಬೇಕೆಂದೇ ತುಂಬಿಸಿ, ಬಾಟಲಿಗೆ ಹಾಕಿ, ಜಗತ್ತಿಗೆಲ್ಲ ಮಾರುತ್ತಾರೆ. ಕೊಳ್ಳುವವರು ಸಾಲುಗಟ್ಟಿ ನಿಂತಿರುತ್ತಾರೆ. ನಾನು ಹುರಿದು ತಿರಸ್ಕರಿಸುವ ವಾಸನೆಯನ್ನೇ ಇವರು ಸಿಂಗಲ್ ಮಾಲ್ಟ್ ವಿಸ್ಕಿ ಎಂದು ಹತ್ತಾರು ವರ್ಷ ಕಾಪಾಡುತ್ತಾರಲ್ಲ, ಅದರ ಒಳಮರ್ಮವೇನು ಎಂಬ ಕುತೂಹಲ ನನಗೆ ಬಹಳ ದಿನದಿಂದ ಇತ್ತು. ಗ್ಲಾಸ್ಗೋದಲ್ಲಿ ನೆಲೆಸಿರುವ ದೊಡ್ಡಮ್ಮನ ಮಗನ ಮನೆಗೆ ಹೋಗಿದ್ದಾಗ ಅವನನ್ನು ಕಾಡಿಸಿ ಐಲಾಕ್ಕೆ ಹೊರಡಿಸಿದೆ. ಕೆನಕ್ರೇಗ್ ಎಂಬಲ್ಲಿ ಕಾರಿನ ಸಮೇತ ಹಡಗು ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ ಪೋರ್ಟ್ ಎಲೆನ್. ಅಲ್ಲಿಂದ ಕಡಲಂಚಿನ ದಾರಿಯಲ್ಲಿ ಪೂರ್ವಕ್ಕೆ ಹೊರಟರೆ ಸುಮಾರು ಐದು ಕಿಲೋಮೀಟರಿನೊಳಗೆ ಲಫ್ರೋಯ್ಗ್, ಲಾಗವೂಲಿನ್, ಅರ್ಡ್‌ಬೆಗ್ ಎಂಬ ಮೂರು ಭಟ್ಟಿಗಳು ಒಂದರ ಹಿಂದೆ ಒಂದು ಸಿಗುತ್ತವೆ. ಮೂರೂ 1815–16ರ ಆಸುಪಾಸಿನವು. ಸುಣ್ಣ ಬಳಿದ ಬಿಳಿ ಗೋಡೆ, ಅದರ ಮೇಲೆ ಆನೆಗಾತ್ರದ ಕಪ್ಪಕ್ಷರದಲ್ಲಿ ಹೆಸರು. ನಡೆದೇ ಹೋಗಲು ಕಾಲುದಾರಿಯೂ ಇದೆ. ಕುಡಿದವರು ಕಾರು ಓಡಿಸದಿರಲಿ ಎಂಬ ಮುಂದಾಲೋಚನೆ ಇರಬೇಕು.

ಮೊದಲು ಸಿಂಗಲ್ ಮಾಲ್ಟ್ ಎಂದರೇನು ಎಂಬುದನ್ನು ಮುಗಿಸಿಬಿಡೋಣ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನೀರು, ಯೀಸ್ಟ್. ಇಷ್ಟೇ ಸಾಮಗ್ರಿ. ಒಂದೇ ಭಟ್ಟಿಯಲ್ಲಿ, ತಾಮ್ರದ ಹಂಡೆಗಳಲ್ಲಿ ಬಟ್ಟಿ ಇಳಿಸಿರಬೇಕು. 'ಸಿಂಗಲ್' ಅನ್ನುವುದು ಭಟ್ಟಿಗೆ ಸೇರಿದ ಮಾತು, ಪೀಪಾಯಿಗಲ್ಲ. ಒಂದು ಬಾಟಲಿಯಲ್ಲಿ ನೂರಾರು ಪೀಪಾಯಿಗಳ ಮಾಲು ಬೆರೆತಿರಬಹುದು. ಸ್ಕಾಚ್ ಅನ್ನಿಸಿಕೊಳ್ಳಲು ಸ್ಕಾಟ್ಲೆಂಡಿನ ನೆಲದಲ್ಲೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕಳೆದಿರಬೇಕು, ಬಾಟಲಿಯಲ್ಲಿ ಶೇ. 40ಕ್ಕಿಂತ ಕಡಿಮೆ ಆಲ್ಕೋಹಾಲ್ ಇರಕೂಡದು. ಇವೆಲ್ಲ ಅಲ್ಲಿಯ ಕಾನೂನು.

ಈಗ ಹೊಗೆಯ ವಿಷಯ. ಹೊಗೆ ವಿಸ್ಕಿ ಅಂದಕೂಡಲೇ ಬಹಳ ಮಂದಿ ಪೀಪಾಯಿಯ ಒಳಮೈ ಸುಟ್ಟಿರುತ್ತಾರೆ, ಆ ಸುಟ್ಟ ಮರದಿಂದ ಹೊಗೆ ಬರುತ್ತದೆ ಎಂದುಕೊಂಡಿದ್ದಾರೆ. ನಮ್ಮ ಕಡೆಯ ಬಲ್ಲವರೂ ಹೀಗೇ ಹೇಳಿದ್ದನ್ನು ಕೇಳಿದ್ದೇನೆ. ಹಾಗಲ್ಲ. ಹೊಗೆ ಸೇರುವುದು ಹೆಂಡವಾಗುವ ಎಷ್ಟೋ ಮೊದಲು, ಕಾಳಿನ ಹಂತದಲ್ಲಿ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ಹಾಗೆ ಮಾಡಿದಾಗ ಒಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಎಚ್ಚೆತ್ತುಕೊಳ್ಳುತ್ತವೆ. ಮೊಳಕೆ ಇನ್ನೂ ಬೆಳೆದರೆ ಆ ಸಕ್ಕರೆಯನ್ನು ತಾನೇ ತಿಂದುಬಿಡುತ್ತದೆ. ಅದಕ್ಕೇ ತಕ್ಕ ಹೊತ್ತಿಗೆ ಬಿಸಿ ಕೊಟ್ಟು ಒಣಗಿಸಿ ನಿಲ್ಲಿಸಬೇಕು. ಐಲಾದಲ್ಲಿ ಮರ ಕಡಿಮೆ, ಗಾಳಿ ಜಾಸ್ತಿ. ಹಿಂದಿನವರಿಗೆ ಕೈಗೆ ಸಿಗುತ್ತಿದ್ದ ಉರುವಲು ಒಂದೇ, ಪೀಟ್.

ಪೀಟ್ ಎಂದರೆ ಜೌಗು ನೆಲದಲ್ಲಿ ಪಾಚಿ, ಹುಲ್ಲು, ಹೆದರ್ ಗಿಡ ಇವೆಲ್ಲ ಗಾಳಿಯಾಡದೆ ಅರೆಕೊಳೆತು ಒತ್ತಿಕೊಂಡ ಮಣ್ಣು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಒಂದು ಮೀಟರ್ ಆಳ ಅಗೆದರೆ ಸಾವಿರ ವರ್ಷ ಹಿಂದಕ್ಕೆ ಹೋದ ಲೆಕ್ಕ. ಅದನ್ನು ಇಟ್ಟಿಗೆಯಂತೆ ಉದ್ದುದ್ದಕ್ಕೆ ಕತ್ತರಿಸಿ ಗಾಳಿಗೆ ಒಣಹಾಕಿರುತ್ತಾರೆ. ಒಣಗಿದ ಒಂದು ತುಂಡನ್ನು ಕೈಗೆತ್ತಿಕೊಂಡೆ. ನೋಡಿದಷ್ಟು ಭಾರವಿಲ್ಲ. ಮುರಿದ ಅಂಚಿನಲ್ಲಿ ಕೂದಲೆಳೆಯ ಬೇರುಗಳು ಇನ್ನೂ ಹಾಗೇ ಕಾಣುತ್ತವೆ. ಉಗುರಿನಿಂದ ಕೆರೆದರೆ ಕಂದು ಪುಡಿ ಉದುರುತ್ತದೆ. ಉರಿಸದೆ ಹಾಗೇ ಮೂಸಿದರೆ ಏನೂ ಇಲ್ಲ, ಮಣ್ಣು ಅಷ್ಟೆ. ಬೆಂಕಿ ತಗಲಿದ ಮೇಲೆ ಅದರ ಆಟ. ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಈ ಹೊಗೆಯನ್ನು ಇನ್ನೂ ಪಸೆಯಿರುವ ಬಾರ್ಲಿಯ ಮೇಲೆ ಹಾಯಿಸುತ್ತಾರೆ. ಪಸೆ ಇರುವಾಗಲೇ ಆಗಬೇಕು, ಆಗ ಮಾತ್ರ ಸಿಪ್ಪೆಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಒಣಗಿದ ಮೇಲೆ ಎಷ್ಟು ಹೊಗೆ ಬಿಟ್ಟರೂ ದಂಡ. ಇದನ್ನು ಕೇಳಿದಾಗ ನನಗೆ ನಗು ಬಂತು. ಅರೆ ಒಣಗಿದ ಕಾಫಿಯನ್ನು ಒಲೆಯ ಬಳಿ ಇಡಬೇಡಿ ಎಂದು ನಾವು ಬೆಳೆಗಾರರಿಗೆ ಹೇಳುವುದೂ ಇದೇ ಕಾರಣಕ್ಕೆ.

ಹೊಗೆಯಲ್ಲಿರುವ ಮುಖ್ಯ ಪದಾರ್ಥಗಳು ಫೀನಾಲ್ ಕುಲದವು. ಗ್ವಾಯಕಾಲ್ ಎಂಬುದು ಸುಟ್ಟ ಸೌದೆಯ ವಾಸನೆ ಕೊಡುತ್ತದೆ; ಹುರಿದ ಕಾಫಿಯಲ್ಲೂ ಅದು ಇದೆ. ಕ್ರೆಸಾಲ್‌ಗಳು ಆಸ್ಪತ್ರೆಯ, ಟಾರಿನ ವಾಸನೆಯವು. ಎಷ್ಟು ಹೊಗೆ ಹಿಡಿಸಿದ್ದಾರೆ ಎಂಬುದನ್ನು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಲಾಗವೂಲಿನ್ ಸುಮಾರು 35, ಅರ್ಡ್‌ಬೆಗ್ ಸುಮಾರು 55. ಅದೇ ದ್ವೀಪದ ಬ್ರೂಕ್‌ಲ್ಯಾಡಿಯವರ ಆಕ್ಟೊಮೋರ್ ನೂರನ್ನೂ ದಾಟುತ್ತದೆ. ಅಂಗಡಿಯಲ್ಲಿ ಈ ಅಂಕಿ ನೋಡಿ ಮರುಳಾಗಬೇಡಿ. ಇದು ಒಣಗಿದ ಕಾಳಿನಲ್ಲಿ ಇರುವ ಪ್ರಮಾಣ, ಲೋಟದಲ್ಲಿ ಇರುವುದಲ್ಲ. ಕಾಳನ್ನು ಬಿಸಿನೀರಲ್ಲಿ ನೆನೆಸಿ ಸಿಹಿ ರಸ ತೆಗೆದಾಗ ಒಂದಿಷ್ಟು ಚರಟದಲ್ಲೇ ಉಳಿಯುತ್ತದೆ. ಬಟ್ಟಿ ಇಳಿಸುವಾಗ ಇನ್ನಷ್ಟು ಹೋಗುತ್ತದೆ. ಫೀನಾಲ್‌ಗಳು ಬಟ್ಟಿಯ ಕೊನೆಕೊನೆಗೆ ಇಳಿಯುವವು. ಹಾಗಾಗಿ ಹಂಡೆಯ ಮುಂದೆ ನಿಂತವನು ಧಾರೆಯನ್ನು ಯಾವ ಗಳಿಗೆಗೆ ಕತ್ತರಿಸುತ್ತಾನೆ ಎಂಬುದರ ಮೇಲೆ ಹೊಗೆಯ ಪಾಲು ನಿಂತಿದೆ. ಬೇಗ ಕತ್ತರಿಸಿದರೆ ಮೆದು, ತಡಮಾಡಿದರೆ ಗಡಸು. ಕೊನೆಗೆ ಪೀಪಾಯಿಯೊಳಗೆ ವರ್ಷ ಕಳೆದಂತೆಲ್ಲ ಹೊಗೆ ಕರಗುತ್ತಾ ಬರುತ್ತದೆ. ಎಳೆಯ ವಿಸ್ಕಿಯಲ್ಲಿ ಅಬ್ಬರ, ಮುದಿಯದರಲ್ಲಿ ಪಿಸುಮಾತು.

ಇನ್ನು ಪೀಪಾಯಿಯ ವಿಷಯ. ಮೊದಲು ಶೆರಿ ತುಂಬಿದ್ದ ಪೀಪಾಯಿಯಲ್ಲಿ ವಿಸ್ಕಿ ಮಾಗಿಸುವುದುಂಟು. ಆ ಶೆರಿಯದು ಬೇರೆ ದೇಶದ ಕಥೆ. ಸ್ಪೇನಿನ ದಕ್ಷಿಣ ತುದಿಯಲ್ಲಿ ಕಾದಿಸ್ ಪ್ರಾಂತ್ಯದ ಹೆರೆಸ್ ಎಂಬ ಊರಿನ ಸುತ್ತ ಆಗುವ ದ್ರಾಕ್ಷಾರಸ ಅದು. ಮಾಮೂಲಿ ವೈನಿಗೆ ದ್ರಾಕ್ಷಿಯದೇ ಬಟ್ಟಿ ಬೆರೆಸಿ ಬಲ ಕೊಟ್ಟಿರುತ್ತಾರೆ. ವಿಸ್ಕಿಯವರಿಗೆ ಬೇಕಾದದ್ದು ಹೆಚ್ಚಾಗಿ ಎರಡು ಬಗೆ. ಒಂದು ಓಲೊರೋಸೊ: ಗಾಳಿಗೆ ಒಡ್ಡಿಕೊಂಡೇ ವರ್ಷಗಟ್ಟಲೆ ಮಾಗಿ ಕಂದಾದದ್ದು. ಇನ್ನೊಂದು ಪೆದ್ರೊ ಹಿಮೆನೆಸ್: ಅದೇ ಹೆಸರಿನ ದ್ರಾಕ್ಷಿಯನ್ನು ಬಿಸಿಲಿಗೆ ಹರಡಿ ಒಣದ್ರಾಕ್ಷಿಯ ಹದಕ್ಕೆ ತಂದು ಹಿಂಡಿದ್ದು, ಕಾಕಂಬಿಯಷ್ಟು ದಪ್ಪ, ಅಷ್ಟೇ ಸಿಹಿ. ಓಲೊರೋಸೊ ಹುಟ್ಟಾ ಸಿಹಿಯಲ್ಲ ಎನ್ನುವುದನ್ನು ಗಮನಿಸಬೇಕು. 'ಶೆರಿ ಪೀಪಾಯಿಯ ಸಿಹಿ' ಎಂದು ಬಾಟಲಿಯ ಹಿಂದೆ ಬರೆದದ್ದನ್ನು ಓದಿದವರು ಯಾವ ಶೆರಿ ಎಂದು ಕೇಳುವುದು ಒಳ್ಳೆಯದು.

ಒಂದು ಕಾಲಕ್ಕೆ ಬ್ರಿಟನ್ನಿಗೆ ಶೆರಿ ಪೀಪಾಯಿಯಲ್ಲೇ ಹಡಗಿನಲ್ಲಿ ಬರುತ್ತಿತ್ತು. ಶೆರಿ ಬಾಟಲಿಗೆ ಹೋದ ಮೇಲೆ ಖಾಲಿ ಪೀಪಾಯಿ ಯಾರಿಗೆ ಬೇಕು? ಸ್ಕಾಟರು ಅಗ್ಗಕ್ಕೆ ಕೊಂಡು ವಿಸ್ಕಿ ತುಂಬಿದರು. ಜಿಪುಣತನದಿಂದ ಹುಟ್ಟಿದ ರುಚಿ ಇದು, ಯಾರೋ ರಸಿಕ ಕೂತು ಯೋಚಿಸಿದ್ದಲ್ಲ. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕು ಎಂದಾಯಿತು. ಪೀಪಾಯಿಗಳ ಹರಿವು ನಿಂತಿತು. ಈಗ ನಡೆಯುವುದು ಹೀಗೆ: ಹೊಸ ಓಕ್ ಪೀಪಾಯಿ ಮಾಡಿಸಿ, ಹೆರೆಸ್‌ನಲ್ಲಿ ಅದಕ್ಕೆ ಶೆರಿ ತುಂಬಿ, ಒಂದೂವರೆ ಎರಡು ವರ್ಷ ಪಳಗಿಸಿ, ಶೆರಿ ತೆಗೆದು ಪೀಪಾಯಿಯನ್ನು ಸ್ಕಾಟ್ಲೆಂಡಿಗೆ ಕಳಿಸುತ್ತಾರೆ. ಆ ಶೆರಿಯನ್ನು ಸಾಮಾನ್ಯವಾಗಿ ಯಾರೂ ಕುಡಿಯಲು ಮಾರುವುದಿಲ್ಲ. ವಿನೆಗರಿಗೋ ಬಟ್ಟಿಗೋ ಹೋಗುತ್ತದೆ. ಮೊದಲು ಶೆರಿ ಯಜಮಾನ, ಪೀಪಾಯಿ ಆಳು. ಈಗ ಉಲ್ಟಾ. 500 ಲೀಟರು ಹಿಡಿಯುವ ಇಂಥ ಪೀಪಾಯಿ ಬಲು ದುಬಾರಿ. ಅಮೆರಿಕದ ಬರ್ಬನ್ ವಿಸ್ಕಿಯ ಪೀಪಾಯಿ ಅದರ ಮುಂದೆ ಅಗ್ಗ, ಏಕೆಂದರೆ ಬರ್ಬನ್ನನ್ನು ಪ್ರತಿ ಸಲ ಹೊಸ ಪೀಪಾಯಿಗೇ ತುಂಬಬೇಕೆಂಬುದು ಅಲ್ಲಿಯ ಕಾನೂನು. ಹಳೆಯವು ರಾಶಿ ರಾಶಿ ಉಳಿಯುತ್ತವೆ. ಇವತ್ತು ಸ್ಕಾಟ್ಲೆಂಡಿನಲ್ಲಿ ಮಾಗುತ್ತಿರುವ ಬಹುಪಾಲು ವಿಸ್ಕಿ ಮಲಗಿರುವುದು ಬರ್ಬನ್ ಪೀಪಾಯಿಯಲ್ಲಿ.

ಶೆರಿ ಪೀಪಾಯಿ ಕೊಡುವ ರುಚಿಯೆಲ್ಲ ಶೆರಿಯದೇ ಅಲ್ಲ, ಮರದ ಪಾಲೂ ದೊಡ್ಡದು. ಐರೋಪ್ಯ ಓಕ್‌ನಲ್ಲಿ ಟ್ಯಾನಿನ್ ಹೆಚ್ಚು; ಆ ಒಗರು, ಆ ಕೆಂಪು ಬಣ್ಣ ಅದರದ್ದು. ಲವಂಗದ ಸುಳಿವು ಸಿಕ್ಕಿದರೆ ಅದು ಯೂಜೆನಾಲ್, ನಮ್ಮ ಮನೆಯ ಲವಂಗದಲ್ಲಿ ಇರುವುದೇ. ಅಮೆರಿಕದ ಓಕ್ ವೆನಿಲ್ಲಾ, ತೆಂಗಿನಕಾಯಿಯ ಕಡೆಗೆ ವಾಲುತ್ತದೆ. ಹೆರೆಸ್‌ನವರು ಎರಡನ್ನೂ ಬಳಸುತ್ತಾರೆ.

ಈಗ ರುಚಿ ನೋಡುವ ಕೆಲಸ. ಗ್ಲಾಸ್ಗೋದ ಆ ತಮ್ಮನ ಮನೆಯ ಊಟದ ಮೇಜಿನ ಮೇಲೆ ನಾನು ತೆರೆಸಿದ್ದು ಅರ್ಡ್‌ಬೆಗ್‌ನವರ ಊಗಡಾಲ್. ಕಾಗುಣಿತ ನೋಡಿ ಓದಲು ಹೋದರೆ ನಾಲಿಗೆ ಹೊರಳುವುದಿಲ್ಲ; ಅಲ್ಲಿಯವರು ಹೀಗೆ ಅನ್ನುತ್ತಾರೆ. ಭಟ್ಟಿಗೆ ನೀರು ಬರುವ ಕೆರೆಯ ಹೆಸರು ಅದು. 2003ರಲ್ಲಿ ಮೊದಲ ಸಲ ಮಾರುಕಟ್ಟೆಗೆ ಬಂದದ್ದು. ಬರ್ಬನ್ ಪೀಪಾಯಿಯ ಮಾಲು, ಶೆರಿ ಪೀಪಾಯಿಯ ಮಾಲು ಎರಡನ್ನೂ ಬೆರೆಸಿ, ಶೇ. 54.2ರ ಬಲದಲ್ಲಿ ತುಂಬಿಸಿದ್ದು. ವಯಸ್ಸು ಬರೆದಿಲ್ಲ. ಈ ಭಟ್ಟಿ 1981ರಲ್ಲಿ ಬಾಗಿಲು ಹಾಕಿ, ಮತ್ತೆ ಅರೆಬರೆ ತೆರೆದು, 1997ರಲ್ಲಿ ಗ್ಲೆನ್‌ಮೊರಾಂಜಿ ಕಂಪನಿ ಕೊಂಡ ಮೇಲೆ ಎದ್ದು ನಿಂತದ್ದು.

ತುಟಿಯ ಕಡೆ ಕಿರಿದಾದ, ಹೊಟ್ಟೆ ಉಬ್ಬಿದ ಸಣ್ಣ ಗಾಜಿನ ಲೋಟ ಬೇಕು. ಅಗಲ ಬಾಯಿಯ ಲೋಟದಲ್ಲಿ ಪರಿಮಳವೆಲ್ಲ ಹಾರಿಹೋಗುತ್ತದೆ. 25 ಮಿಲಿ ಹಾಕಿ ಹತ್ತು ನಿಮಿಷ ಸುಮ್ಮನೆ ಬಿಟ್ಟೆ. ಬಣ್ಣ ಹಳೆಯ ಚಿನ್ನ. ಬಣ್ಣ ನೋಡಿ ವಯಸ್ಸು ಹೇಳುವವರನ್ನು ನಂಬಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನ ಒಪ್ಪಿಗೆ ಇದೆ, ಎಷ್ಟೋ ಮಂದಿ ಬೆರೆಸುತ್ತಾರೆ. ಗಾಜಿನ ಒಳಗೋಡೆಯಲ್ಲಿ ಇಳಿಯುವ ಹನಿಗೆರೆಗಳೂ ಅಷ್ಟೆ. ಆಲ್ಕೋಹಾಲ್ ಇದೆ ಎಂದು ಹೇಳುತ್ತವೆ, ಗುಣ ಹೇಳುವುದಿಲ್ಲ.

ಕಾಫಿ ಬಟ್ಟಲಿಗೆ ನಾವು ಮೂಗು ತೂರಿಸಿಬಿಡುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಆಲ್ಕೋಹಾಲಿನ ಚುರುಕಿಗೆ ಮೂಗು ಅರ್ಧ ಗಂಟೆ ಸತ್ತಂತೆ. ಲೋಟವನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಚೂರು ತೆರೆದು, ಮೆಲ್ಲಗೆ ಉಸಿರು ಎಳೆಯಬೇಕು. ಮೊದಲು ಬಂದದ್ದು ಹೊಗೆಯೇ, ಮುಚ್ಚುಮರೆಯಿಲ್ಲ. ಟಾರು, ಬೂದಿ, ಅದರ ಹಿಂದೆ ಗಾಯಕ್ಕೆ ಹಚ್ಚುವ ಟಿಂಚರು. ನನ್ನ ಮೇಜಿನ ಮೇಲೆ ಇದಕ್ಕೆ ಸೊನ್ನೆ ಬೀಳುತ್ತಿತ್ತು. ಆದರೆ ಹೊಗೆಗೆ ಒಂದು ಗುಣವಿದೆ: ಮೂಗು ಅದಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ಮೂರನೆಯ ನಾಲ್ಕನೆಯ ಸಲ ಮೂಸುವ ಹೊತ್ತಿಗೆ ಅದು ಹಿಂದೆ ಸರಿದು, ಹಿಂದಿದ್ದವರು ಮುಂದೆ ಬಂದರು. ಒಣದ್ರಾಕ್ಷಿ, ಖರ್ಜೂರ, ಆಮೇಲೆ ಜೋನಿ ಬೆಲ್ಲ. ಸಕ್ಕರೆಯಲ್ಲ, ಬೆಲ್ಲವೇ, ತಳದಲ್ಲಿ ಒಂದು ಉಪ್ಪಿನಂಶ ಇರುತ್ತದಲ್ಲ, ಅದು ಸಮೇತ. ಇಂಗ್ಲಿಷ್ ಬರಹಗಾರರು ಇದನ್ನೇ ಕ್ರಿಸ್‌ಮಸ್ ಕೇಕು, ಚರ್ಮದ ಕುರ್ಚಿ ಎಂದೆಲ್ಲ ಬರೆಯುತ್ತಾರೆ. ಅವರ ಮನೆಯಲ್ಲಿ ಅವು ಇವೆ, ಬರೆಯಲಿ. ನಿಮಗೆ ಕ್ರಿಸ್‌ಮಸ್ ಕೇಕು ಸಿಗದಿದ್ದರೆ ಮೂಗಿನ ದೋಷವಲ್ಲ.

ಗುಟುಕು ಸಣ್ಣದಿರಲಿ, ಅರ್ಧ ಚಮಚದಷ್ಟು. ಬಾಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಇಟ್ಟುಕೊಳ್ಳಿ. ಮೊದಲ ಮೂರು ನಾಲ್ಕು ಎಣಿಕೆಯವರೆಗೆ ಉರಿ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಜೊಲ್ಲು ಬೆರೆತು ಬಲ ತಗ್ಗಿದ ಮೇಲೆ ರುಚಿ ಬಿಚ್ಚಿಕೊಳ್ಳುತ್ತದೆ. ನಾಲಿಗೆಯ ಮೇಲೆ ಮೊದಲು ಸಿಹಿ, ಬದಿಗಳಲ್ಲಿ ಓಕಿನ ಒಗರು. ಹೊಗೆ ಎಲ್ಲಿ? ನಾಲಿಗೆಗೆ ಹೊಗೆ ತಿಳಿಯುವುದಿಲ್ಲ, ಮೂಗಿಗೆ ಮಾತ್ರ. ನುಂಗಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟಾಗ ಗಂಟಲ ಹಿಂಬಾಗಿಲಿಂದ ಏರಿ ಬಂತು. ಮೂಸಿದಾಗಿನ ಟಿಂಚರು ಈಗ ಇಲ್ಲ. ಬೂದಿ, ಹುರಿದ ಕಾಳು, ಕಡುವಾಗಿ ಹುರಿದ ಕಾಫಿಯ ಕೊನೆಯ ಕಹಿ, ಅದರ ಮೈಗೆ ಸುತ್ತಿಕೊಂಡ ದ್ರಾಕ್ಷಿ. ಬಾಯಲ್ಲಿ ಬಹಳ ಹೊತ್ತು ಉಳಿಯಿತು.

ಎರಡನೆಯ ಗುಟುಕನ್ನು ಅಭ್ಯಾಸಬಲದಿಂದ ಸೊರ್ರೆಂದು ಎಳೆದು, ಉಗಿಯಲು ಬಟ್ಟಲಿಗಾಗಿ ಕಣ್ಣಾಡಿಸಿದೆ. ತಮ್ಮ ಗಾಬರಿಯಾದ. "ಅಕ್ಕಾ, ಆ ಬಾಟ್ಲಿ ರೇಟು ಕೇಳಿದ್ರೆ ನೀನು ಉಗಿಯಲ್ಲ!" ನಾನು ಉಗಿದೆ. ರುಚಿ ನೋಡಲು ನುಂಗಲೇಬೇಕೆಂದಿಲ್ಲ, ವಿಸ್ಕಿ ಬೆರೆಸುವ ವೃತ್ತಿಯವರು ದಿನವಿಡೀ ಮೂಗಿನಿಂದಲೇ ಕೆಲಸ ಸಾಗಿಸುತ್ತಾರೆ ಎಂದು ಹೇಳಿದರೂ ಅವನ ಮುಖ ಸರಿಹೋಗಲಿಲ್ಲ.

ಇನ್ನು ನೀರು. ಒಳ್ಳೆ ವಿಸ್ಕಿಗೆ ನೀರು ಹಾಕುವುದು ಪಾಪ ಎಂಬ ಪಂಗಡ ಎಲ್ಲ ಊರಲ್ಲೂ ಇದೆ. 2017ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್, ರನ್ ಫ್ರೀಡ್‌ಮನ್ ಎಂಬ ಇಬ್ಬರು ಕಂಪ್ಯೂಟರಿನಲ್ಲಿ ಅಣುಗಳ ಓಡಾಟವನ್ನು ಲೆಕ್ಕಹಾಕಿ ನೋಡಿದರು. ಅವರು ಆರಿಸಿಕೊಂಡದ್ದು ಹೊಗೆಯ ಗ್ವಾಯಕಾಲನ್ನೇ. ಆಲ್ಕೋಹಾಲ್ ಶೇ. 59ಕ್ಕಿಂತ ಮೇಲಿದ್ದಾಗ ಅದರ ಅಣುಗಳು ಗ್ವಾಯಕಾಲನ್ನು ಸುತ್ತುವರಿದು ದ್ರವದ ಒಳಗೇ ಹಿಡಿದಿಡುತ್ತವೆ, ಶೇ. 45ರವರೆಗಿನ ಬಲದಲ್ಲಿ ಗ್ವಾಯಕಾಲ್ ಮೇಲ್ಮೈಗೆ ಬಂದು ನಿಲ್ಲುತ್ತದೆ. ಮೇಲ್ಮೈಗೆ ಬಂದದ್ದೇ ತಾನೇ ಮೂಗಿಗೆ ಸಿಗುವುದು? ಲೆಕ್ಕ ಸುಲಭ. ಶೇ. 54.2ರ 25 ಮಿಲಿಗೆ ಒಂದು ಟೀ ಚಮಚ, ಅಂದರೆ 5 ಮಿಲಿ ನೀರು ಸೇರಿಸಿದರೆ ಶೇ. 45ಕ್ಕೆ ಬಂದು ಕೂರುತ್ತದೆ. ಹಾಗೆ ಮಾಡಿ ಮೂಸಿದೆ. ಚುರುಕು ಇಳಿದು ಹೊಗೆ ಹಗುರಾಗಿ, ಅಗಲವಾಗಿ ಎದ್ದಿತು. ಶೆರಿಯ ಒಣದ್ರಾಕ್ಷಿ ತುಸು ತೆಳುವಾಯಿತು, ಆದರೆ ಈವರೆಗೆ ಅಡಗಿದ್ದ ಕಿತ್ತಳೆ ಸಿಪ್ಪೆ ಸಿಕ್ಕಿತು. ಇನ್ನೊಂದು ಚಮಚ ಹಾಕಿದಾಗ ಒಗರು ಮಾತ್ರ ಉಳಿದು ಮಿಕ್ಕದ್ದು ಕುಸಿಯಿತು. ನನ್ನ ಮಟ್ಟಿಗೆ ಒಂದು ಚಮಚವೇ ಸರಿ.

ಇಲ್ಲಿಗೆ ಬಂದ ಮೇಲೆ ನನಗೆ ಹೊಳೆದದ್ದು, ಈ ಬಗೆಯ ವಿಸ್ಕಿಯ ಕಷ್ಟವಿರುವುದು ಜೋಡಣೆಯಲ್ಲಿ. ಹೊಗೆ ಕಾಳಿನಿಂದ ಬಂದು ವರ್ಷವರ್ಷಕ್ಕೆ ತಗ್ಗುತ್ತದೆ. ಮರ ಪೀಪಾಯಿಯಿಂದ ಬಂದು ವರ್ಷವರ್ಷಕ್ಕೆ ಏರುತ್ತದೆ. ಎರಡೂ ಸಮಕ್ಕೆ ನಿಲ್ಲುವ ಕಾಲ ಚಿಕ್ಕದು. ಪೂರ್ತಿ ಶೆರಿ ಪೀಪಾಯಿಯಲ್ಲೇ ಬಹುಕಾಲ ಇಟ್ಟ ಹೊಗೆ ವಿಸ್ಕಿಗಳಲ್ಲಿ ನಾನು ನೋಡಿದ ಕೆಲವು ನನಗೆ ಸೇರಲಿಲ್ಲ. ಸಿಹಿ ಒಂದು ಕಡೆ, ಮಸಿ ಒಂದು ಕಡೆ, ನಡುವೆ ಮಾತುಕತೆಯಿಲ್ಲ. ಒಂದರಲ್ಲಿ ಗಂಧಕದ ವಾಸನೆಯೂ ಇತ್ತು. ಖಾಲಿ ಪೀಪಾಯಿಗೆ ಬೂಸ್ಟು ಹಿಡಿಯದಿರಲಿ ಎಂದು ಒಳಗೆ ಗಂಧಕ ಉರಿಸುವ ಪದ್ಧತಿಯ ಫಲ ಅದು, ಆಗತಾನೆ ಆರಿದ ಬೆಂಕಿಕಡ್ಡಿಯ ನಾತ. ಇದನ್ನು ಗುಣ ಎಂದು ಹೊಗಳುವವರೂ ಇದ್ದಾರೆ. ನಾನು ಹೊಗೆಗೆ ಸೋತಿದ್ದೇನೆ, ಗಂಧಕಕ್ಕೆ ಸೋಲಲಾರೆ. ಊಗಡಾಲ್‌ನವರ ಹಾಗೆ ಬರ್ಬನ್ ಪೀಪಾಯಿಯ ಮಾಲಿಗೆ ಶೆರಿ ಪೀಪಾಯಿಯದನ್ನು ಬೆರೆಸುವುದು ಒಂದು ಉಪಾಯ. ಐಲಾದ ಇನ್ನೊಂದು ಭಟ್ಟಿ ಬೊಮೋರ್‌ನವರ 15 ವರ್ಷದ್ದು ಇನ್ನೊಂದು ಉಪಾಯ ಹಿಡಿದಿದೆ: 12 ವರ್ಷ ಬರ್ಬನ್ ಪೀಪಾಯಿ, ಕೊನೆಯ 3 ವರ್ಷ ಓಲೊರೋಸೊ. ಹೊಗೆ ಮೊದಲೇ ಮೆದು, ಶೇ. 43ರ ಬಲ. ಹೊಸಬರಿಗೆ ಅದೇ ಸುಲಭ.

ನಮ್ಮ ನೆಲದ ಸಂಗತಿಯನ್ನೂ ಹೇಳಬೇಕು. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ. ಆಗ ಕಂಪನಿ ನಡೆಸುತ್ತಿದ್ದ ನೀಲಕಂಠ ರಾವ್ ಜಗದಾಳೆ ಅವರ ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುತ್ತಿದ್ದಾಗ ಅಲ್ಲಿಯ ಇಂಡಿಯನ್ ಹೋಟೆಲುಗಳಲ್ಲಿ ಭಾರತದ ಮಾಲ್ಟ್ ಮಾರಬಹುದೇ ಎಂದು ನೋಡಿದ್ದರಿಂದ ಇದು ಮೊಳೆಯಿತು. ಕೊಲ್ಲನ ಬೀದಿಯಲ್ಲಿ ಸೂಜಿ ಮಾರಲು ಹೋದವರು ಇವರು, ಮಾರಿಯೂ ಬಂದರು. ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಹೊಗೆ ಹಿಡಿಸಿದ ಬಾರ್ಲಿಯ ಮಾಲು ಬೆರೆಸಿದ ಅಮೃತ್ ಫ್ಯೂಷನ್‌ಗೆ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ 'ವಿಸ್ಕಿ ಬೈಬಲ್'ನಲ್ಲಿ 97 ಅಂಕ ಕೊಟ್ಟು ಜಗತ್ತಿನಲ್ಲಿ ಮೂರನೆಯದು ಎಂದರು.

ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅವರ ಉಗ್ರಾಣದಲ್ಲಿ ಕಾಲ ಬೇರೆ ಥರ ಓಡುತ್ತದೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಪೀಪಾಯಿಯ ಸುಮಾರು ಶೇ. 2 ಭಾಗ ಆವಿಯಾಗಿ ಹೋದರೆ ಬೆಂಗಳೂರಿನಲ್ಲಿ ಶೇ. 11–12. ಅಲ್ಲಿಯ ತೇವದ ಚಳಿಯಲ್ಲಿ ಆಲ್ಕೋಹಾಲ್ ಬೇಗ ಹೋಗಿ ಬಲ ಇಳಿಯುತ್ತದೆ. ಇಲ್ಲಿಯ ಒಣ ಸೆಕೆಯಲ್ಲಿ ನೀರು ಬೇಗ ಹೋಗುತ್ತದೆ. ಮರವೂ ಇಲ್ಲಿ ಆತುರಗಾರ. ಅಲ್ಲಿ ಹತ್ತು ಹದಿನೈದು ವರ್ಷ ಹಿಡಿಯುವ ಮಾಗುವಿಕೆ ಇಲ್ಲಿ ನಾಲ್ಕೈದರಲ್ಲೇ ಆಗಿಹೋಗುತ್ತದೆ. ಹೊಗೆಗೂ ಶೆರಿಗೂ ಇದು ಅನುಕೂಲವೇ ಎನ್ನುವುದು ನನ್ನ ಅನಿಸಿಕೆ: ಹೊಗೆ ಕರಗುವ ಮುಂಚೆಯೇ ಮರ ತನ್ನದನ್ನು ಕೊಟ್ಟು ಮುಗಿಸಿರುತ್ತದೆ. ಅವರ ಕದಂಬಂ ಎಂಬ ಮಾಲ್ಟು ಓಲೊರೋಸೊ ಶೆರಿ ಪೀಪಾಯಿ, ಬೆಂಗಳೂರು ನೀಲಿ ದ್ರಾಕ್ಷಿಯ ಬ್ರಾಂದಿ ಪೀಪಾಯಿ, ರಮ್ ಪೀಪಾಯಿ ಮೂರನ್ನೂ ಹಾದು ಬಂದದ್ದು, ತೆಳುವಾಗಿ ಹೊಗೆಯೂ ಉಂಟು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೆಳೆಯುವ ಆ ಕಪ್ಪು ದ್ರಾಕ್ಷಿಯ ತಿಳಿ ವಾಸನೆ ಅದರಲ್ಲಿ ಸಿಕ್ಕಿದಾಗ ಖುಷಿಯಾಯಿತು. ಹೊಗೆ ಮಾತ್ರ ಇನ್ನಷ್ಟು ಇರಬೇಕಿತ್ತು.

ಕುಡಿಯದವರು ಇದನ್ನು ಓದಿ ಶುರು ಮಾಡಬೇಕಿಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವಂಥ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಪೀಟ್ ಅಗೆಯುವುದೂ ನಿರಪಾಯದ ಕೆಲಸವಲ್ಲ. ಆ ಜೌಗು ನೆಲ ಇಂಗಾಲದ ಕಣಜ, ಒಮ್ಮೆ ಕಿತ್ತರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲ.

ಕುಡಿಯುವ ಅಭ್ಯಾಸ ಇದ್ದವರು, ಈ ರುಚಿ ಏನೆಂದು ತಿಳಿಯುವ ಆಸೆಯಿದ್ದರೆ, ಬಾಟಲಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಒಳ್ಳೆಯ ಬಾರಿನಲ್ಲಿ 30 ಮಿಲಿ ತರಿಸಿಕೊಳ್ಳಿ. ಊಟಕ್ಕೆ ಮುಂಚೆ, ಖಾರದ ಕಡಲೆಬೀಜ ಬಾಯಿಗೆ ಹಾಕುವ ಮುಂಚೆ. ಮೈಗೆ ಸೆಂಟು ಬೇಡ. ಪಕ್ಕಕ್ಕೆ ಮಾಮೂಲಿ ನೀರು ಮತ್ತು ಒಂದು ಟೀ ಚಮಚ ಕೇಳಿ. ಐಸ್ ಹಾಕಿದರೆ ತಣ್ಣಗಾಗಿ ಪರಿಮಳ ಮೇಲೇಳುವುದೇ ಇಲ್ಲ, ಬರೀ ಒಗರು ಕುಡಿದಂತಾಗುತ್ತದೆ. ಐಸ್ ಬೇಡ ಎಂದು ಮೊದಲೇ ಹೇಳಿ; ಹೇಳದಿದ್ದರೆ ಹಾಕಿಯೇ ತರುತ್ತಾರೆ.